ದುಬೈ ಡಬ್ಬಿಯ ತಂಬಾಕು

ಆ ಬೆಳಿಗ್ಗೆ ಹೊನ್ನಾವರದ ಬಸ್‌ಸ್ಟ್ಯಾಂಡಿಗೆ ಬರಬೇಕಿದ್ದದ್ದು ಕುಮಟೆಯಿಂದ ಸುದ್ದಿ. ಬಂದದ್ದು ಭಟ್ಕಳದಿಂದ ತಂಬಾಕಿನ ಡಬ್ಬಿ. ದಾಸಣ್ಣನ ಅವತ್ತಿನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ಮಗಳು ಕಮಲಿಗೆ ಚೊಚ್ಚಲ ಹೆರಿಗೆ. ಮಗು ಅಡ್ಡ ತಿರುಗಿದೆ ಎಂದು ಕುಮಟೆಯ ಆಸ್ಪತ್ರೆಗೆ ಸೇರಿಸಿ ಎರಡು ದಿನವಾಗಿತ್ತು. ಹೆಂಡತಿ ಗಂಗೆ ಅಲ್ಲೇ ಇದ್ದಳು. ತಾನೂ ಬರುತ್ತೇನೆಂದು ದಾಸಣ್ಣ ಹೊರಟಾಗ, ಗಂಡಸರಿಗೆ ಅಲ್ಲಿ ಎಂತ ಕೆಲಸ, ಮನೆಯಲ್ಲಿರಿ, ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸುತ್ತೇನೆ ಎಂದು ಕೂರಿಸಿ ಹೋಗಿದ್ದಳು. ಮುಂಬಯಿಯ ಹಡಗುಗಳಲ್ಲಿ ಮೂವತ್ತು ವರ್ಷ ದುಡಿದು ಎಂಥೆಂಥ ಬಿರುಗಾಳಿಗೂ ಜಗ್ಗದ ಮನುಷ್ಯ, ಈಗ ಪ್ರತಿ ಬಸ್ಸಿಗೂ ಎದ್ದು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದ.

ಡಬ್ಬಿ ಕಳಿಸಿದವರು ಹಡಗಿನ ಹಳೆಯ ಸಂಗಾತಿ ಅಬೂಬಕ್ಕರ್ ಸಾಹೇಬರು. ಈಗ ದುಬೈಯಲ್ಲಿ ಅಂಗಡಿ, ರಜೆಗೆಂದು ಭಟ್ಕಳಕ್ಕೆ ಬಂದಿದ್ದರು. ಆ ಕಾಲದಲ್ಲಿ ಇಬ್ಬರೂ ಡೆಕ್ಕಿನ ಮೇಲೆ ಕೂತು ಪೈಪು ಸೇದುತ್ತಿದ್ದರು. ಬಂದರಿಗೊಂದು ತಂಬಾಕು. ಒಂದು ಖಾರ, ಒಂದು ಮಂದ, ಒಂದಕ್ಕೆ ಒಣದ್ರಾಕ್ಷಿಯ ವಾಸನೆ. ಮೂಸಿ ನೋಡಿಯೇ ಯಾವ ಬಂದರಿನದ್ದೆಂದು ಹೇಳುವಷ್ಟು ಪಳಗಿದ ಮೂಗು ದಾಸಣ್ಣನದು.

ಆದರೆ ನಿವೃತ್ತಿಯಾಗಿ ಊರಿಗೆ ಬಂದರೆ ಕೈಯಲ್ಲಿ ಪೈಪಿದೆ, ಅದಕ್ಕೆ ಹಾಕುವ ತಂಬಾಕಿಲ್ಲ. ಎಲೆ ಅಡಿಕೆಯ ಕವಳಕ್ಕೆ ಹಾಕುವ ಹೊಗೆಸೊಪ್ಪನ್ನೇ ಪುಡಿ ಮಾಡಿ ತುಂಬಿಸಿ ಸೇದಿದ. ಆ ಕೆಮ್ಮಿಗೆ ಕೇರಿಯವರು ನೀರು ಹಿಡಿದು ಓಡಿ ಬಂದರು. ಬೀಡಿಗಳನ್ನು ಬಿಚ್ಚಿ ಸುರಿದು ನೋಡಿದ, ನಾಲಗೆ ಸುಟ್ಟಿತು. ಕೊನೆಗೆ ಹೊಗೆಸೊಪ್ಪಿಗೆ ಬೆಲ್ಲದ ನೀರು ಚಿಮುಕಿಸಿ, ಬಿಸಿಲಲ್ಲಿ ಒಣಗಿಸಿ, ತನ್ನದೇ ಹೊಸ ತಂಬಾಕು ಕಂಡುಹಿಡಿದ. ಅದನ್ನು ತುಂಬಿಟ್ಟ ಪೈಪಿಗೆ ಇರುವೆಯ ಸಾಲು ಹತ್ತಿ, ಮೊದಲ ದಮ್ಮಿಗೇ ತುಟಿ ಊದಿಕೊಂಡಿತು. ಆ ಸಿಟ್ಟಿನಲ್ಲಿ, ಈ ಜನ್ಮದಲ್ಲಿ ಇನ್ನು ಪೈಪು ಮುಟ್ಟಿದರೆ ಕೇಳು ಎಂದು ಮೂರು ಮನೆಗೆ ಕೇಳುವಂತೆ ಕೂಗಿ, ಪೈಪನ್ನು ಪೆಟ್ಟಿಗೆಗೆ ಹಾಕಿದ. ಇದಾಗಿ ಒಂದು ವರ್ಷವಾಗಿತ್ತು.

ಈಗ ಡಬ್ಬಿಯ ಮುಚ್ಚಳ ಎತ್ತಿದ್ದೇ ತಡ, ಜೇನಿನಂಥ ಘಮ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಒಂದೇ ಒಂದು ಪೈಪು ಸೇದಿದರೆ ಎದೆಯ ಡವಡವ ನಿಂತೀತು ಅನಿಸಿತು. ಡಬ್ಬಿಯನ್ನು ಜಗುಲಿಯ ಮೇಲಿಟ್ಟು, ಪೆಟ್ಟಿಗೆಯಿಂದ ಪೈಪು ತೆಗೆದರೆ ಕೊಳವೆಯ ತುಂಬ ಸತ್ತ ಇರುವೆ. ಕೊಳವೆ ಚುಚ್ಚಿ ತೊಳೆಯಲು ಪೊರಕೆಯ ಕಡ್ಡಿ ಹಿಡಿದು ಬಾವಿಕಟ್ಟೆಗೆ ಹೋದ.

ತಪ್ಪಿದ್ದು ಅಲ್ಲೇ. ತೊಳೆದು ಒರೆಸಿ ಬರುವಷ್ಟರಲ್ಲಿ ಜಗುಲಿಯ ಮೇಲೆ ಪಕ್ಕದ ಮನೆಯ ದುರ್ಗ ಕೂತಿದ್ದ, ಕಮಲಿಯ ಸುದ್ದಿ ಕೇಳಲು ಬಂದವನು. ಗಂಗೆ ಇಲ್ಲದ ದಿನಗಳಲ್ಲಿ ಅಡುಗೆ ಮಾಡಿಡಲು ಬರುತ್ತಿದ್ದ ಸುಕ್ರಿ ಅವನ ಮುಂದೆ ಕವಳದ ತಬಕು ಇಟ್ಟಿದ್ದಳು. ತಬಕಿನಲ್ಲಿ ಹೊಗೆಸೊಪ್ಪು ಮುಗಿದಿತ್ತಂತೆ. ಜಗುಲಿಯ ಮೇಲೆ ಹೊಸ ಡಬ್ಬಿ ಕಂಡಿತಂತೆ. ತಬಕಿಗೆ ಸುರಿದಳಂತೆ.

"ದಾಸಣ್ಣ, ಇದೆಂತ ಹೊಗೆಸೊಪ್ಪು ಮಾರಾಯ? ಕವಳ ಪಾಯಸ ಆದಾಂಗೆ ಆತು," ಎಂದು ದುರ್ಗ ಕೆನ್ನೆ ಉಬ್ಬಿಸಿಕೊಂಡೇ ಹೇಳಿದ.

ದಾಸಣ್ಣನಿಗೆ ಅವನ ಬಾಯಿಗೆ ಕೈ ಹಾಕಿ ತೆಗೆಯುವಷ್ಟು ಸಿಟ್ಟು ಬಂತು. ಆದರೆ ಮಗಳ ಸುಖ ವಿಚಾರಿಸಲು ಬಂದವನ ಮುಂದಿನಿಂದ ತಬಕು ಎಳೆದುಕೊಳ್ಳುವುದುಂಟೇ? ಅದೂ ಇವತ್ತೇ? ಹಲ್ಲು ಕಚ್ಚಿ ನಕ್ಕ.

ದುರ್ಗ ಮನೆಗೆ ಹೋಗಲಿಲ್ಲ, ಕೇರಿಗೆ ಹೋದ. ಅಲ್ಲಿಯ ತನಕ ಕಮಲಿಯ ನೆನಪೇ ಇಲ್ಲದವರಿಗೆಲ್ಲ ಒಮ್ಮೆಲೇ ಅವಳ ಮೇಲೆ ಮಮತೆ ಉಕ್ಕಿತು. ಗುಂಪು ಗುಂಪಾಗಿ ಬಂದರು. ಕೂತರು, ಕವಳ ಹಾಕಿದರು, ಎಲ್ಲ ಒಳ್ಳೇದಾಗ್ತದೆ ಎಂದರು, ಇನ್ನೊಂದು ಕವಳ ಹಾಕಿದರು. ದಾಸಣ್ಣ ನಡುನಡುವೆ ಬಸ್‌ಸ್ಟ್ಯಾಂಡಿಗೆ ಓಡಿ ಬರಿಗೈಯಲ್ಲಿ ವಾಪಸು ಬಂದಾಗಲೆಲ್ಲ ತಬಕು ಇಷ್ಟಿಷ್ಟೇ ಖಾಲಿಯಾಗಿರುತ್ತಿತ್ತು. ಹಲ್ಲಿಲ್ಲದ ಹನುಮಕ್ಕ ತನ್ನ ಕುಟ್ಟುವ ಒರಳನ್ನೇ ತಂದು, ಎರಡು ಸಲ ಕುಟ್ಟಿ ಮೆದ್ದು, ಹೊರಡುವಾಗ ಒಂದು ಮುಷ್ಟಿ ಸೆರಗಿಗೆ ಕಟ್ಟಿಕೊಂಡು, "ಹೆದರ್ಬೇಡ ಮಗಾ, ನಿನ್ನ ಮಗಳು ಹೂವಿನ ಹಾಂಗೆ ಹೆರ್ತದೆ," ಎಂದಳು. ಅಷ್ಟು ಹೊತ್ತಿನ ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿದುಹೋಯಿತು. ಇನ್ನೊಂದು ಚಿಟಿಕೆಯನ್ನು ಅವನೇ ಎತ್ತಿ ಕೊಟ್ಟ.

ಸಂಜೆ ಐದಕ್ಕೆ ಎಲ್ಲರೂ ಎದ್ದುಹೋದ ಮೇಲೆ ತಬಕಿನ ತಳ ಕೆರೆದು, ಡಬ್ಬಿ ತಟ್ಟಿ ನೋಡಿದ. ಸರಿಯಾಗಿ ಒಂದು ಪೈಪಿಗಾಗುವಷ್ಟು ಉಳಿದಿತ್ತು. ಬಾಗಿಲು ಹಾಕಿ, ಹಿತ್ತಲಿನ ಮೆಟ್ಟಿಲ ಮೇಲೆ ಕೂತು, ಬೆರಳಲ್ಲಿ ಹದವಾಗಿ ಒತ್ತಿ ತುಂಬಿದ. ಮೊದಲ ಕಡ್ಡಿ ಹತ್ತಲಿಲ್ಲ. ಎರಡನೆಯದು ಗಾಳಿಗೆ ಆರಿತು. ಮೂರನೆಯದನ್ನು ಗೀರಿ ಪೈಪಿನ ಬಾಯಿಗೆ ತರುವಷ್ಟರಲ್ಲಿ ಮನೆಯ ಪಕ್ಕದಿಂದ ಬಳೆಯ ಸದ್ದಾಯಿತು. ಗಂಗೆ ತಾನೇ ಬಂದಿದ್ದಳು.

"ಹೆಣ್ಣು ಕೂಸು. ಕಮಲಿನೂ ಆರಾಮ, ಕೂಸೂ ಆರಾಮ. ಹತ್ರ ಅವಳ ಅತ್ತೆ ಇದ್ರು," ಎಂದವಳು ಅಳುತ್ತ ನಗುತ್ತ ಮೆಟ್ಟಿಲ ಮೇಲೆ ಕುಸಿದು ಕೂತಳು.

ದಾಸಣ್ಣನಿಗೆ ಬೆರಳು ಸುಟ್ಟದ್ದು ಗೊತ್ತಾಗಲಿಲ್ಲ. ಎದೆಯ ಮೇಲಿನ ಕಲ್ಲು ಜಾರಿ ಬಿತ್ತು. ಕೈ ಮುಗಿದು, ಕಣ್ಣೊರೆಸಿಕೊಂಡು, ಈಗ ಸೇದಿದರೆ ಅದರ ಸುಖವೇ ಬೇರೆ ಎಂದು ನಾಲ್ಕನೇ ಕಡ್ಡಿ ತೆಗೆದ. ಗಂಗೆ ಅವನ ಕೈ ಹಿಡಿದಳು.

"ಅದ್ನ ಬಾಯಿಗಿಡ್ಬೇಡಿ. ನಾ ಇಡಗುಂಜಿ ಗಣಪತಿಗೆ ಹರಕೆ ಹೇಳ್ಕಂಡಿದ್ದೆ. ಹೆರಿಗೆ ಸಸೂತ್ರ ಆದ್ರೆ, ಆ ಕೂಸು ಬಾಯ್ಬಿಟ್ಟು ಅಜ್ಜ ಅನ್ನೂ ತನಕ ನಮ್ಮನೆಯವ್ರು ಪೈಪು ಮುಟ್ಟೂದಿಲ್ಲ ಅಂತ."

"ಹರಕೆಗೆ ನನ್ನ ಪೈಪೇ ಸಿಕ್ತಾ ನಿಂಗೆ?"

"ಹ್ಯಾಂಗೂ ನೀವು ಬಿಟ್ಟಿದ್ರಲ್ಲ. ನೂರೊಂದು ಕಾಯಿ ಹೇಳ್ಕಳ್ಳೂದಕ್ಕಿಂತ ಇದು ಖರ್ಚಿಲ್ಲದ ಹರಕೆ ಅಂತ ಮಾಡ್ದೆ."

ದಾಸಣ್ಣ ನಾಲ್ಕನೇ ಕಡ್ಡಿಯನ್ನು ಕಡ್ಡಿಪೆಟ್ಟಿಗೆಗೆ ವಾಪಸು ಹಾಕಿದ. ಗಣಪತಿ ತನ್ನ ಪಾಲಿನ ಕೆಲಸ ಮಾಡಿ ಮುಗಿಸಿದ್ದ, ಇನ್ನು ವಾದ ಯಾರ ಹತ್ತಿರ? ಗಂಗೆ ಎಲೆ ಅಡಿಕೆ ತೆಗೆದು, ಎರಡು ದಿನದಿಂದ ಕವಳವೇ ಇಲ್ಲ ಎನ್ನುತ್ತ, ಅವನ ಪೈಪನ್ನು ತನ್ನ ಅಂಗೈಗೆ ಕುಟ್ಟಿ, ಬಿದ್ದದ್ದನ್ನೆಲ್ಲ ಬಾಯಿಗೆ ಹಾಕಿಕೊಂಡಳು. ಎಂಥ ಘಮ, ಎಲ್ಲಿ ಸಿಕ್ಕಿತು ಎಂದು ಕೇಳಿದಳು.

ಮರುದಿನ ಮೊದಲ ಬಸ್ಸಿಗೇ ದಾಸಣ್ಣ ಹೆಂಡತಿಯೊಡನೆ ಕುಮಟೆಗೆ ಹೋದ. ಕಮಲಿಯ ಮಗ್ಗುಲಲ್ಲಿ ಮಲಗಿದ್ದ, ಹುಟ್ಟಿ ದಿನವೂ ತುಂಬದ ಮೊಮ್ಮಗಳ ಮೇಲೆ ಬಗ್ಗಿ, "ಅಜ್ಜ ಅನ್ನು ಮಗಾ, ಅಜ್ಜ," ಎಂದು ಪಾಠ ಶುರುಮಾಡಿದ. ಕೂಸು ಅಷ್ಟಗಲ ಬಾಯಿ ತೆರೆದು ಆಕಳಿಸಿತು.

"ಕೇಳ್ತಾ? 'ಅ' ಅಂತು," ಎಂದ ದಾಸಣ್ಣ ಗಂಗೆಯ ಕಡೆ ತಿರುಗಿ. "ಇನ್ನು 'ಜ್ಜ' ಒಂದೇ ಬಾಕಿ."