ಊರೂರು ತಿರುಗಿದ ನಮ್ಮವ್ವನ ತಪ್ಪಲೆ

ನಮ್ಮ ಮನೆಯಿಂದ ಏನಾದರೊಂದು ಹೊರಗೆ ಹೋಗದ ವಾರವಿಲ್ಲ. ಹೋದದ್ದೆಲ್ಲ ವಾಪಸು ಬಂದ ವರ್ಷವಂತೂ ನನಗೆ ನೆನಪಿಲ್ಲ. ಯಜಮಾನರಿಗೆ ಪಾಂಡವಪುರದಲ್ಲಿ ಪಾತ್ರೆ ಅಂಗಡಿ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ತಿಥಿ, ಯಾವ ಊರಿನಲ್ಲಿ ಕಣ್ಣಿನ ತಪಾಸಣೆ ಅಂದರೂ ಮುಂದೆ ನಿಲ್ಲುವವರು ಅವರೇ. ಒಳ್ಳೆಯವರು, ನಾನೇ ಹೇಳುತ್ತೇನೆ. ಆದರೆ ಅವರು ಊರಿಗೆ ಒಳ್ಳೆಯವರಾಗುವುದಕ್ಕೆ ನನ್ನ ಅಡುಗೆಮನೆ ಯಾಕೆ ಬರಿದಾಗಬೇಕು?

ನಾನು ಮೈಸೂರಿನಲ್ಲಿ ಬಿ.ಎ. ಓದಿದವಳು. ಮದುವೆಯಾದ ಎರಡನೇ ತಿಂಗಳಿನಿಂದಲೇ ಉದ್ದನೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಗೆರೆ ಎಳೆದು ಬರೆದಿಡುತ್ತಿದ್ದೇನೆ: ತಾರೀಖು, ವಸ್ತು, ಒಯ್ದವರು, ವಾಪಸು. ಈಗ ಆರನೇ ಪುಸ್ತಕ ನಡೆಯುತ್ತಿದೆ. ಕೊನೆಯ ಕಾಲಂ ಮಾತ್ರ ನೋಡಿದರೆ ಆರೂ ಪುಸ್ತಕ ನಿನ್ನೆ ತಂದದ್ದು ಅನ್ನಬೇಕು, ಅಷ್ಟು ಬೆಳ್ಳಗಿದೆ.

ಮಾರುವುದು ಬೇರೆ, ಮನೆಯದು ಬೇರೆ

ನಮ್ಮವ್ವ ನನ್ನ ಮದುವೆಯಲ್ಲಿ ಕೊಟ್ಟ ಹಿತ್ತಾಳೆ ತಪ್ಪಲೆ ಒಂದಿದೆ. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಅವ್ವನ ಹೆಸರು, ಪಕ್ಕದಲ್ಲೊಂದು ನೆಗ್ಗು. ನಮ್ಮಲ್ಲಿ ಮಗುವಿಗೆ ಹೆಸರಿಡುವ ದಿನದ ಪಾಯಸ ಅದರಲ್ಲೇ ಆಗಬೇಕು. ನನಗೆ ಹೆಸರಿಟ್ಟಾಗ ಅದರಲ್ಲೇ ಆಯಿತು, ನನ್ನ ಮೂರು ಮಕ್ಕಳಿಗೂ ಅದರಲ್ಲೇ.

ಈ ಸಲ ಮೊಮ್ಮಗಳ ನಾಮಕರಣಕ್ಕೆ ಒಂದು ತಿಂಗಳಿತ್ತು. ಕಲಾಯಿ ಹಾಕಿಸೋಣ ಎಂದು ಅಟ್ಟಕ್ಕೆ ಕೈ ಹಾಕಿದರೆ ತಪ್ಪಲೆಯೇ ಇಲ್ಲ! ಪುಸ್ತಕದಲ್ಲೂ ಇಲ್ಲ. ನಾನು ಮಗಳ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದಾಗ ನಡೆದ ಕೆಲಸ.

"ರೀ, ಅವ್ವನ ತಪ್ಪಲೆ ಎಲ್ಲಿ?"

"ಬಾಬುರಾಯನಕೊಪ್ಪಲಿನೋರು ಕೇಳಿದ್ರು ಕಣೇ. ಪಾಪ, ಗೃಹಪ್ರವೇಶ."

"ಅಂಗಡಿ ತುಂಬ ತಪ್ಪಲೆ ಜೋಡಿಸಿಟ್ಟಿದ್ದೀರಲ್ಲ?"

ನನ್ನ ದಡ್ಡತನಕ್ಕೆ ಮರುಗಿದವರಂತೆ ನೋಡಿದರು. "ಅಂಗಡೀದು ಮಾರೋಕಿರೋದು. ಇದು ಸುಮ್ನೆ ಕೂತಿತ್ತು."

ಅದೇ ವಾರ ಮಗು ನೋಡಲು ಇಪ್ಪತ್ತು ಜನ ನೆಂಟರು ಬಂದರು. ಅನ್ನಕ್ಕಿಡಲು ಪಾತ್ರೆಯಿಲ್ಲ. ಪಾತ್ರೆ ವ್ಯಾಪಾರಿಯ ಹೆಂಡತಿಯಾದ ನಾನು ಗಂಡನ ಅಂಗಡಿಗೇ ಗಿರಾಕಿಯಾಗಿ ಹೋಗಿ ನಿಂತೆ. ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಗುಮಾಸ್ತರು ಒಂದು ದೊಡ್ಡ ಪಾತ್ರೆ ಇಳಿಸಿ, ಹೆಸರು ಕೊರೆಯುವ ಯಂತ್ರ ಕೈಗೆತ್ತಿಕೊಂಡು ಬಲು ವಿನಯದಿಂದ ಕೇಳಿದರು:

"ಅಮ್ಮೋರೆ, ನಿಮ್ಮೆಸ್ರು ಹಾಕ್ಲೋ, ಇಲ್ಲಾ ತಗೊಂಡೋಗೋರ್ದೇ ಹಾಕ್ಬುಡ್ಲೋ?"

ನೀವ್ಯಾರವ್ವ?

ಮಾರನೆಯ ದಿನವೇ ಬಸ್ಸು ಹತ್ತಿ ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿಗೆ ಹೋದೆ. ಹೊಸ ಮನೆಯ ಜಗಲಿಯಲ್ಲಿ ಆ ಮನೆಯ ಹಿರಿಯಾಕೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಪಾಂಡವಪುರದ ಪಾತ್ರೆ ಅಂಗಡಿಯಿಂದ ಬಂದೆ, ತಪ್ಪಲೆ ವಿಚಾರ" ಅಂದೆ.

"ಅಯ್ಯೋ, ಬನ್ನಿ ಬನ್ನಿ. ದೇವ್ರಂತ ಮನ್ಸ ಕಣವ್ವ ಆ ಯಜಮಾನ್ರು! ಕೇಳಕ್ಮುಂಚೇನೇ ಕೊಟ್ಬುಡ್ತಾರೆ." ನನ್ನ ಕೈಗೆ ಕಾಫಿ ಲೋಟ ಕೊಟ್ಟು ಹತ್ತಿರ ಸರಿದು ದನಿ ತಗ್ಗಿಸಿದರು. "ಆದ್ರೆ ಪಾಪ, ಮನೇಲಿ ಸುಖ ಇಲ್ಲ. ಎಂಡ್ತಿ ಬಲು ಬಿಗಿಯಂತೆ. ಒಂದು ಸೌಟು ಆಚೆಗೋದ್ರೂ ಬುಕ್ಕಲ್ಲಿ ಬರ್ಕತಾಳಂತೆ! ಅಂತೋಳ ಜೊತೆ ಎಂಗೆ ಬಾಳ್ತಾವ್ರೋ."

ಆರು ಪುಸ್ತಕ ಬರೆದದ್ದಕ್ಕೆ ನನಗೆ ಶ್ರೀರಂಗಪಟ್ಟಣದವರೆಗೂ ಬಂದಿರುವ ಹೆಸರು ಇದು!

"ತಪ್ಪಲೆ ಎಲ್ಲಿದೆ?" ಎಂದೆ, ಹಲ್ಲು ಕಚ್ಚಿ.

"ಅದ ಕೆ.ಆರ್. ಪೇಟೆಗೆ ಕಳ್ಸಿ ಅಂತ ಯಜಮಾನ್ರೇ ಫೋನ್ ಮಾಡಿದ್ರಲ್ಲ. ಅದ್ಸರಿ, ಅಂಗ್ಡೀಲಿ ನೀವು ಏನ್ ಕೆಲ್ಸ ಮಾಡ್ತೀರವ್ವ?"

ನಾನು ಲೋಟ ಕೆಳಗಿಟ್ಟು ಎದ್ದೆ. "ಬುಕ್ಕು ಬರೀತೀನಿ."

ನಾವಿಬ್ಬರೇ

ಅಷ್ಟರಲ್ಲಿ ನಮ್ಮ ಮದುವೆಯ ದಿನ ಬಂತು. "ಈ ಸಲ ಕೆ.ಆರ್.ಎಸ್.ಗೆ ಹೋಗೋಣ. ನಾವಿಬ್ಬರೇ" ಅಂದರು ಯಜಮಾನರು. ತಪ್ಪಲೆಯ ಸಿಟ್ಟು ಅರ್ಧ ಇಳಿಯಿತು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಹೊರಟೆ. ಕಾರು ನೋಡಿದರೆ ಕೆ.ಆರ್. ಪೇಟೆ ರಸ್ತೆ ಹಿಡಿದಿದೆ.

"ಹತ್ತು ನಿಮಿಷದ ಕೆಲಸ ಕಣೇ, ಕಣ್ಣಿನ ಶಿಬಿರ" ಅಂದರು. ದಾರಿಯಲ್ಲಿ ಮೂವರು ಅಜ್ಜಿಯರು ಹಿಂದಿನ ಸೀಟಿಗೆ ಏರಿದರು. ಶಿಬಿರ ಮುಟ್ಟಿದೊಡನೆ, "ನಮ್ಮ ಮನೆಯವರ ಅಕ್ಷರ ಮುತ್ತಿನಂಗಿದೆ" ಎಂದು ನನ್ನನ್ನು ರಿಜಿಸ್ಟರಿನ ಮುಂದೆ ಕೂರಿಸಿಬಿಟ್ಟರು. ಸಂಜೆಯವರೆಗೆ ರೇಷ್ಮೆ ಸೀರೆಯಲ್ಲಿ ಹೆಸರು, ಊರು, ಎಡಗಣ್ಣು, ಬಲಗಣ್ಣು ಬರೆದೆ.

ನಡುವೆ ಶಿಬಿರದ ಅಡುಗೆಯವರ ಹತ್ತಿರ ತಪ್ಪಲೆ ವಿಚಾರಿಸಿದೆ. "ಇತ್ತಾಳೆ ತಪ್ಪಲೇನಾ? ಮೊನ್ನೆಗಂಟ ಇಲ್ಲೇ ಇತ್ತು ಕಣಮ್ಮ. ನಾಗಮಂಗಲದ ಸಂಘದೋರು ಒಯ್ದ್ರು. ಯಜಮಾನ್ರೇ ಗಾಡಿಗೆ ಹಾಕ್ಸಿದ್ರು."

ಸಿಟ್ಟಿನಲ್ಲಿ ಪೆನ್ನು ಹಾಳೆಯನ್ನೇ ಹರಿಯಿತು. ನಮ್ಮ ಕಾರಿನಲ್ಲೇ ಬಂದ ಅಜ್ಜಿಯೊಬ್ಬರು ಹೊಸ ಕನ್ನಡಕ ಏರಿಸಿಕೊಂಡು ಬಂದು ನನ್ನ ಮುಖವನ್ನೇ ನೋಡಿದರು. ಹತ್ತಿರ ಬಂದು ಇನ್ನೊಮ್ಮೆ ನೋಡಿದರು.

"ಅಯ್ಯೋ ನನ್ನವ್ವ, ಇಷ್ಟೊಂದು ವಯಸ್ಸಾಗ್ಯದಾ ನಿಂಗೆ! ಬೆಳಿಗ್ಗೆ ಕಾರಲ್ಲಿ ಮದ್ಲಗಿತ್ತಿ ಅನ್ಕಂಡಿದ್ನಲ್ಲ!"

ಮೌನವಾಗಿ ತ್ಯಾಗ ಮಾಡಿದ ತಾಯಿ

ನಾಮಕರಣಕ್ಕೆ ಮೂರು ದಿನ ಇರುವಾಗ ನಾಗಮಂಗಲದಲ್ಲಿ ಯಜಮಾನರಿಗೆ ಸನ್ಮಾನ. ಇಂಥದ್ದಕ್ಕೆ ನಾನು ಹೋಗುವುದಿಲ್ಲ. ತಪ್ಪಲೆ ಅದೇ ಸಂಘದವರ ಹತ್ತಿರ ಇದೆಯಲ್ಲ, ಅದಕ್ಕೆ ಹೋದೆ. ಸಮುದಾಯ ಭವನದ ಅಡುಗೆಮನೆಯನ್ನೆಲ್ಲ ಹುಡುಕಿದೆ. ಸಿಗಲಿಲ್ಲ. ಪಾಯಸವನ್ನು ಇನ್ನು ಸ್ಟೀಲ್ ಪಾತ್ರೆಯಲ್ಲೇ ಮಾಡಬೇಕು ಎಂದು ಹೊಟ್ಟೆ ಉರಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತೆ.

ಯಜಮಾನರಿಗೆ ಶಾಲು ಹೊದಿಸಿ ಪೇಟ ತೊಡಿಸಿದ ಮೇಲೆ ಸಂಘದ ಅಧ್ಯಕ್ಷರು ಮೈಕಿನಲ್ಲಿ, "ಇವರ ಬೆನ್ನಿಗೆ ನಿಂತು ಮೌನವಾಗಿ ತ್ಯಾಗ ಮಾಡಿದ ತಾಯಿಯೂ ವೇದಿಕೆಗೆ ಬರಬೇಕು" ಅಂದರು. ಮೌನವಾಗಿಯಂತೆ! ತ್ಯಾಗವನ್ನು ನಾನು ಒಂದು ದಿನವೂ ಮೌನವಾಗಿ ಮಾಡಿದವಳಲ್ಲ.

ಹತ್ತಿದೆ. ಕೆಂಪು ರಿಬ್ಬನ್ ಕಟ್ಟಿದ, ಥಳಥಳ ಹೊಳೆಯುವ ಕಾಣಿಕೆಯನ್ನು ಕೈಗಿಟ್ಟರು. ಕೈಗೆ ಆ ಭಾರ ಗೊತ್ತಿತ್ತು. ಮುಂಭಾಗದಲ್ಲಿ ಹೊಸದಾಗಿ ಕೊರೆಸಿದ್ದರು: 'ಧರ್ಮಪತ್ನಿಯವರಿಗೆ ಗೌರವ ಕಾಣಿಕೆ'. ತಿರುಗಿಸಿದೆ. ನೆಗ್ಗು. ಅದರ ಪಕ್ಕದಲ್ಲಿ ಚುಕ್ಕೆ ಚುಕ್ಕೆಯಾಗಿ ನಮ್ಮವ್ವ.

ನನ್ನ ಕಣ್ಣು ತುಂಬಿದ್ದು ನೋಡಿ ಸಭೆ ಚಪ್ಪಾಳೆ ಹೊಡೆಯಿತು. ಅಧ್ಯಕ್ಷರು ಬಗ್ಗಿ ಪಿಸುಗುಟ್ಟಿದರು: "ಯಾರೋ ಪುಣ್ಯಾತ್ಮರು ಭವನಕ್ಕೆ ಕೊಟ್ಟಿದ್ದು ಅಂತ ಕಾಣ್ತದೆ ಅಮ್ಮ. ಹಳೇ ಕಾಲದ ಗಟ್ಟಿ ಹಿತ್ತಾಳೆ. ನಮ್ಮೂರ ಕಂಚುಗಾರರ ಹತ್ರ ಪಾಲಿಷ್ ಮಾಡಿಸ್ದೋ. ನಿಮ್ಮಂತೋರಿಗೆ ಅಗ್ಗದ್ದು ಕೊಡೋಕಾಯ್ತದಾ?"

ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಮೈಕ್ ಹಿಡಿದಿದ್ದರು. "ಈ ಗೌರವ ನಮ್ಮದಲ್ಲ, ಸಮಾಜದ್ದು. ಆದ್ದರಿಂದ ನನ್ನ ಮನೆಯವಳ ಪರವಾಗಿ ಈ ತಪ್ಪಲೆಯನ್ನು ಇದೇ ಭವನಕ್ಕೆ..."

ಮೈಕನ್ನು ಹೇಗೆ ಕಿತ್ತುಕೊಂಡೆನೋ ಗೊತ್ತಿಲ್ಲ. "ಇದು ನಮ್ಮವ್ವನ ತಪ್ಪಲೆ. ಅಟ್ಟದಿಂದ ಇಳಿದು ಮೂರು ತಾಲ್ಲೂಕು ಸುತ್ತಿ ಇಲ್ಲಿಗೆ ಬಂದಿದೆ. ಭಾನುವಾರ ನನ್ನ ಮೊಮ್ಮಗಳಿಗೆ ಇದರಲ್ಲೇ ಪಾಯಸ. ಶಾಲು ಬೇಕಾದರೆ ಇಟ್ಟುಕೊಳ್ಳಿ, ಪೇಟ ಇಟ್ಟುಕೊಳ್ಳಿ, ಪೇಟದ ಕೆಳಗಿರುವವರನ್ನೂ ಇಟ್ಟುಕೊಳ್ಳಿ. ತಪ್ಪಲೆ ಮನೆಗೆ!"

ಸಭೆಯಲ್ಲಿ ಶಿಳ್ಳೆ ಬಿತ್ತು. ಹೆಂಗಸರಂತೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಾಂಡವಪುರ ಮುಟ್ಟುವವರೆಗೂ ತಪ್ಪಲೆಯನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ಭಾನುವಾರ ಪಾಯಸ ಅದರಲ್ಲೇ ಆಯಿತು. ಯಜಮಾನರು ಎರಡನೇ ಸಲ ಬಡಿಸಿಕೊಳ್ಳುತ್ತಾ ಅಂದರು: "ಎಷ್ಟು ಚೆನ್ನಾಗಿ ಮಾತಾಡಿದೆ ಕಣೇ ಅವತ್ತು! ಶ್ರೀರಂಗಪಟ್ಟಣದ ಮಹಿಳಾ ಸಮಾಜದೋರು ಭಾಷಣಕ್ಕೆ ಯಾರಾದ್ರೂ ಬೇಕು ಅಂತಿದ್ರು. ಪ್ರತಿ ಶನಿವಾರ. ಪಾಪ, ಕೇಳಿದ್ರು ಅಂತ ಕೊಟ್ಬುಟ್ಟೆ."

"ಏನು ಕೊಟ್ರಿ?"

"ನಿನ್ನನ್ನೇ. ಮನೇಲಿ ಸುಮ್ನೆ ಕೂತಿದ್ದೀಯಲ್ಲ."

ಒಳಗೆ ಹೋಗಿ ಆರನೇ ಪುಸ್ತಕ ತೆಗೆದೆ. ತಾರೀಖು ಹಾಕಿದೆ. ವಸ್ತು: ನಾನು. ಒಯ್ದವರು: ಮಹಿಳಾ ಸಮಾಜ, ಶ್ರೀರಂಗಪಟ್ಟಣ. ವಾಪಸು ಕಾಲಂ ಎಂದಿನಂತೆ ಖಾಲಿ ಬಿಟ್ಟಿದ್ದೇನೆ.