ಭಾವನ ದೋಣಿ ಸಾಮಾನಿನ ಪಟ್ಟಿ

ನಮ್ಮ ಭಾವನಿಗೆ ನೀರೆಂದರೆ ಎಷ್ಟು ಭಯ ಗೊತ್ತೆ? ಶ್ರೀರಂಗಪಟ್ಟಣಕ್ಕೆ ಪುಣ್ಯಸ್ನಾನಕ್ಕೆಂದು ಹೋದಾಗ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕುಳಿತು, ಅಕ್ಕ ಚೊಂಬಿನಲ್ಲಿ ಮೊಗೆದು ತಂದ ಕಾವೇರಿಯನ್ನು ತಲೆಗೆ ಹುಯ್ದುಕೊಂಡು, "ಪುಣ್ಯ ಎಲ್ಲಾ ಮೆಟ್ಟಿಲಲ್ಲೂ ಒಂದೇ" ಎಂದವರು! ಅಂಥ ಭಾವ ದೋಣಿ ಕೊಂಡರು. ಅದೂ ಯಾವಾಗ? ಡೆಟ್ರಾಯಿಟ್ ಸುತ್ತಮುತ್ತಲ ಜನ ಒಬ್ಬರ ಹಿಂದೊಬ್ಬರು ರಟ್ಟಿನ ಪೆಟ್ಟಿಗೆ ಎದೆಗವಚಿಕೊಂಡು ಆಫೀಸಿನಿಂದ ಹೊರಬೀಳುತ್ತಿದ್ದ ರಿಸೆಷನ್ನಿನ ಎರಡನೇ ಬೇಸಿಗೆಯಲ್ಲಿ!

ಸುದ್ದಿ ಕೊಟ್ಟವಳು ಅಕ್ಕ. ನಾನಿರುವುದು ಶಿಕಾಗೋ ಪಕ್ಕದ ಅರೋರಾದಲ್ಲಿ, ಅವರಿರುವುದು ಮಿಶಿಗನ್ನಿನಲ್ಲಿ, ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ. ನಡುವೆ ಮುನ್ನೂರು ಮೈಲಿ. ಆವತ್ತು ಫೋನ್ ಇಲ್ಲದಿದ್ದರೂ ಅವಳ ದನಿ ನನಗೆ ಕೇಳಿಸುತ್ತಿತ್ತು.

"ನಿಮ್ಮ ಭಾವ ದೋಣಿ ತಗೊಂಡ್ರು ಕಣೇ."

"ಯಾರಿಗೆ? ಪುಟ್ಟಿಗಾ? ಹೈಸ್ಕೂಲ್ ಹುಡುಗಿ ಬಾತ್‌ಟಬ್ಬಲ್ಲಿ ದೋಣಿ ಬಿಟ್ಕೊಂಡು ಆಡ್ತಾಳಾ?"

"ಆಟದ್ದಲ್ವೇ! ಮೋಟಾರ್ ಇರೋದು! ಆರು ಜನ ಕೂತ್ಕೋಬಹುದಂತೆ. ಮುಳುಗಿದ್ರೆ ಆರು ಜನಾನೂ ಒಟ್ಟಿಗೆ ಮುಳುಗಬಹುದು!"

ನನಗೆ ತಲೆಬುಡ ಅರ್ಥವಾಗಲಿಲ್ಲ. ಇವರು ಕಾರು ಕಂಪನಿಯ ಎಂಜಿನಿಯರು. ಹತ್ತೊಂಬತ್ತು ವರ್ಷದಿಂದ ಇವರ ಕೆಲಸ ಏನೆಂದುಕೊಂಡಿರಿ? ಕಾರಿನ ಬಾಗಿಲ ಸುತ್ತ ಇರುತ್ತದಲ್ಲ ರಬ್ಬರ್ ಪಟ್ಟಿ, ಅದು! ಮಳೆನೀರು ಒಳಗೆ ಬರದ ಹಾಗೆ ನೋಡಿಕೊಳ್ಳುವುದು. ಜೀವಮಾನವಿಡೀ ನೀರನ್ನು ಹೊರಗಿಡುವುದಕ್ಕೇ ಸಂಬಳ ತೆಗೆದುಕೊಂಡ ಮನುಷ್ಯ ತಾನಾಗಿ ನೀರಿನೊಳಗೆ ಹೋಗುವುದೆಂದರೆ ಏನರ್ಥ?

ದೋಣಿ ಮಾರಿದವನು ಸ್ಟ್ಯಾನ್. ಭಾವನ ಪಕ್ಕದ ಮೇಜಿನವನು, ಅವರಿಗಿಂತ ಹತ್ತು ವರ್ಷ ದೊಡ್ಡವನು, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವನು. ಮಹಾ ಅಚ್ಚುಕಟ್ಟು. ಮೇಜಿನ ಮೇಲೆ ಸ್ಟೇಪ್ಲರ್ ಇಡುವ ಜಾಗಕ್ಕೂ ಅದರ ಆಕಾರದಲ್ಲೇ ಕಪ್ಪು ಮಾರ್ಕರಿನಿಂದ ಗೆರೆ ಎಳೆದಿದ್ದನಂತೆ, ಯಾರಾದರೂ ಎತ್ತಿಕೊಂಡು ಹೋದರೆ ತಿಳಿಯಲಿ ಎಂದು. ಆ ಮಾರ್ಚಿನಲ್ಲಿ ಅವನ ಕೆಲಸ ಹೋಯಿತು. ಅಕ್ಕ ಪಾಪ ಎಂದು ಒಂದು ಡಬ್ಬಿ ಚಿತ್ರಾನ್ನ ಕಳಿಸಿದಳು. ಮಾರನೇ ದಿನ ಡಬ್ಬಿ ತೊಳೆದು ವಾಪಸು ಬಂತು, ಒಳಗೆ ಅವನೇ ಹಿಡಿದು ಹೊಗೆಯಲ್ಲಿ ಬೇಯಿಸಿದ ಮೀನು! ಈರುಳ್ಳಿಯನ್ನೂ ವಾರ ನೋಡಿ ತಿನ್ನುವ ನಮ್ಮಕ್ಕ ಆ ಡಬ್ಬಿಯನ್ನು ಇಕ್ಕಳದಲ್ಲಿ ಹಿಡಿದು ಹಿಂದಿನ ಶೆಡ್ಡಿಗೆ ಗಡೀಪಾರು ಮಾಡಿದಳು. ಇವತ್ತಿಗೂ ಅದು ಅಲ್ಲೇ ಇದೆ.

ಸ್ಟ್ಯಾನನ ಮನೆ ಇರುವುದು ದೊಡ್ಡ ಸರೋವರದ ದಡದಲ್ಲಿ. ಅಲ್ಲಿ ಸರೋವರದಿಂದ ನಾಲೆಗಳು ಸೀಳಿಕೊಂಡು ಮನೆಗಳ ಹಿತ್ತಿಲ ತನಕ ಬಂದಿವೆ. ನಮ್ಮಲ್ಲಿ ಹಿತ್ತಿಲಲ್ಲಿ ಕರು ಕಟ್ಟಿದ ಹಾಗೆ ಅಲ್ಲಿ ಮನೆಗೊಂದು ದೋಣಿ. ಕೊಂಡ ಮೇಲೂ ನಮ್ಮ ದೋಣಿ ಅವನ ಹಿತ್ತಿಲಲ್ಲೇ ಉಳಿಯಿತು. ದೋಣಿ ನಮ್ಮದು, ಕಟ್ಟುವ ಗೂಟ ಅವನದು, ಗೂಟಕ್ಕೆ ಬಾಡಿಗೆ ನಮ್ಮದು!

"ನಾಳೆ ಇವರ ಸರದಿ ಬಂದ್ರೆ ಏನೇ ಗತಿ?" ಎಂದು ಅಕ್ಕ ಅತ್ತಳು. ನಿಜಕ್ಕೂ ಅತ್ತಳು. ಭಾವನ ಸಾಲಿನಲ್ಲಿದ್ದ ಎಂಟು ಮೇಜುಗಳಲ್ಲಿ ಐದು ಖಾಲಿಯಾಗಿದ್ದವು. ಮನೆಯಲ್ಲಿ ಅಕ್ಕಿಯಿಂದ ಹಿಡಿದು ಮಗಳು ಪುಟ್ಟಿಯ ಪಿಯಾನೋ ಕ್ಲಾಸಿನ ತನಕ ಎಲ್ಲಕ್ಕೂ ಕತ್ತರಿ ಬೀಳುತ್ತಿತ್ತು. ಕೊನೆಗೆ ಅಕ್ಕ ಫರ್ಮಾನು ಹೊರಡಿಸಿದಳು: ಸೆಪ್ಟೆಂಬರ್ ಮೊದಲಲ್ಲಿ ಬರುವ ಲೇಬರ್ ಡೇ ಒಳಗೆ ದೋಣಿ ಮಾರಬೇಕು. ಭಾವ ಅಕ್ಕನ ಮಾತಿಗೆ ಎದುರಾಡಿದವರಲ್ಲ, ಈಗಲೂ ಆಡಲಿಲ್ಲ. ಆದರೆ ಮುಖ ಮಾತ್ರ ಪೂರಾ ಬಾಡಿಹೋಯಿತು.

ಫೋನಿನಲ್ಲಿ ನಾನೇ ಕೇಳಿದೆ. "ಭಾವ, ಅದು ಓಡತ್ತಾ?"

"ಈಗ್ಲೇ ಓಡ್ಸೋದಾ? ಹೊಸ ಓನರ್‌ಗೆ ಮೊದ್ಲು ಬೇಕಾಗಿರೋದು ಎಸೆನ್ಶಿಯಲ್ ಎಕ್ವಿಪ್‌ಮೆಂಟ್ ಕಣಮ್ಮ. ಸ್ಟ್ಯಾನ್ ಹೇಳಿದಾನೆ. ಲಿಸ್ಟ್ ಮಾಡಿದೀನಿ."

ಮಾಡಿದ್ದರು! ಜುಲೈಯಲ್ಲಿ ಹೋದಾಗ ಕಣ್ಣಾರೆ ಕಂಡೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಆ ಪಟ್ಟಿ ಮೇಲಿನ ಫ್ರೀಜರಿನಿಂದ ಶುರುವಾಗಿ ಕೆಳಗಿನ ತರಕಾರಿಯ ಡ್ರಾಯರಿನ ತನಕ ಇಳಿದಿತ್ತು. ಹಗ್ಗ, ಉದ್ದ. ಹಗ್ಗ, ಗಿಡ್ಡ. ತುದಿಗೆ ಕೊಕ್ಕೆಯಿರುವ ಗಳು. ತಳದ ನೀರು ಹೊರಗೆ ಚೆಲ್ಲುವ ಪಂಪು. ಹಾರನ್. ಲೈಫ್ ಜಾಕೆಟ್, ಆರು. ಲಂಗರು. ಅದರ ಕೆಳಗೆ ಮತ್ತೆ ಲಂಗರು.

"ಎರಡು ಲಂಗರು ಯಾಕೆ ಭಾವ? ಆ ನಾಲೇಲಿ ಕೈ ಚಾಚಿದ್ರೆ ಎರಡೂ ದಡ ಸಿಗತ್ತಲ್ಲ?"

"ಒಂದು ಕೈ ಕೊಟ್ರೆ ಇನ್ನೊಂದು ಬೇಡ್ವಾ?"

ವಾರಕ್ಕೊಂದರಂತೆ ಸಾಮಾನು ಮನೆಗೆ ಬರುತ್ತಿತ್ತು. ಪ್ರತಿ ಶನಿವಾರ ಭಾವ ಹೋಗಿ ಸ್ಟ್ಯಾನನ ಜೊತೆ ಮೂರು ಗಂಟೆ ಮಾತಾಡಿ, ಒಂದೇ ಒಂದು ವಸ್ತು ಹೊತ್ತುಕೊಂಡು ಬರುವರು. ಎಲ್ಲವೂ ಹಳೆಯವು, ಆದರೆ ಎಣ್ಣೆ ಒರೆಸಿ ಥಳಥಳ ಎನ್ನುವಂಥವು. ದೋಣಿ ಅಲ್ಲಿ, ದೋಣಿಯ ಸಾಮಾನೆಲ್ಲ ಅಕ್ಕನ ಹಾಲಿನಲ್ಲಿ. ದೋಣಿಯಲ್ಲೇ ಇಡಬಾರದೇ ಎಂದರೆ "ಇನ್‌ಸ್ಪೆಕ್ಷನ್ ಆಗ್ಬೇಕು" ಎನ್ನುವರು. ಲೈಫ್ ಜಾಕೆಟ್ಟಿನ ಇನ್‌ಸ್ಪೆಕ್ಷನ್ ಹೇಗಾಯಿತು ಗೊತ್ತೆ? ಅದನ್ನು ತೊಟ್ಟುಕೊಂಡು ಸೋಫಾದ ಮೇಲೆ ಎರಡು ಗಂಟೆ ಗೊರಕೆ ಹೊಡೆದು, ಎದ್ದು ಪಟ್ಟಿಯಲ್ಲಿ ಟಿಕ್ ಹಾಕಿದರು.

ಫೆಂಡರ್ ಎಂಬುದೊಂದಿದೆ. ದೋಣಿ ಗೋಡೆಗೆ ಉಜ್ಜದ ಹಾಗೆ ಪಕ್ಕಕ್ಕೆ ನೇತುಹಾಕುವ ಗಾಳಿ ತುಂಬಿದ ದಿಂಡು. ನೋಡುವುದಕ್ಕೆ ಥೇಟ್ ನಮ್ಮ ಲೋಡುದಿಂಬು. ಅಕ್ಕ ಅದಕ್ಕೆ ಹೂವಿನ ಗವಸು ಹೊಲಿದು, ಸತ್ಯನಾರಾಯಣ ಪೂಜೆಯ ದಿನ ಹಿರಿಯರು ಒರಗಲೆಂದು ಗೋಡೆಗಿಟ್ಟಳು. ಸೌತ್‌ಫೀಲ್ಡಿನಿಂದ ಬಂದಿದ್ದ ಅಂಕಲ್ ಒಬ್ಬರು ಕಥೆಯ ನಾಲ್ಕನೇ ಅಧ್ಯಾಯದಲ್ಲಿ ಹಾಯಾಗಿ ಒರಗಿದರು. ಫೆಂಡರು ಉರುಳಿತು. ಅಂಕಲ್ಲೂ ಉರುಳಿದರು. ಕಥೆಯಲ್ಲಿ ಸಾಹುಕಾರನ ಹಡಗು ಮುಳುಗುವುದಕ್ಕೂ ಅಂಕಲ್ ಮಗುಚುವುದಕ್ಕೂ ಸರಿಹೋಯಿತು!

ಹೀಗೆ ಲೇಬರ್ ಡೇ ಹತ್ತಿರ ಬಂತು. ಮಾರುವ ಮುಂಚೆ ಒಂದು ಸಲವಾದರೂ ಓಡಿಸಿ ನೋಡೋಣ ಎಂದು ಅಕ್ಕನೇ ಒಪ್ಪಿದಳು. ಆದರೆ ಪೂಜೆ ಮಾಡದೆ ಹೊಸ ಗಾಡಿ ಹತ್ತುವುದುಂಟೆ? ಭಾವ ನನಗೆ ಫೋನ್ ಮಾಡಿ, ಶಿಕಾಗೋ ಕಡೆಯ ಅರ್ಚಕರನ್ನು ವಿಚಾರಿಸು ಎಂದರು. ನಾನು ವಿಚಾರಿಸಿದೆ. ಅರ್ಚಕರು ಬಹಳ ಯೋಚನೆ ಮಾಡಿ, "ಪಾರ್ಕಿಂಗ್ ಲಾಟ್‌ಗೆ ತಂದ್ಬಿಡಿಮ್ಮಾ, ಮಾಡ್ಕೊಡೋಣ" ಎಂದರು. ದೋಣಿಯನ್ನು ಮುನ್ನೂರು ಮೈಲಿ ಹೈವೇಯಲ್ಲಿ ತರುವುದು ಹೇಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಭಾವನೇ ಪುರೋಹಿತರಾದರು.

ಆ ಶನಿವಾರ ನಾನೂ ಹೋಗಿದ್ದೆ. ಹಾಲಿನ ರಾಶಿಯಿಂದ ಲಂಗರು, ಗಳು, ಹಗ್ಗ, ಜಾಕೆಟ್ಟು ಇಷ್ಟನ್ನು ಕಾರಿಗೆ ತುಂಬಿಕೊಂಡು ಎಲ್ಲರೂ ಸ್ಟ್ಯಾನನ ಹಿತ್ತಿಲಿಗೆ ಹೊರಟೆವು. ಪಂಚೆ, ಪಂಚೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಹಣೆಗೆ ಗಂಧ. ಇದು ನಮ್ಮ ಭಾವ. ದೋಣಿಯ ಮೂತಿಗೆ ಅರಿಸಿನ ಕುಂಕುಮ ಹಚ್ಚಿದರು, ಮೋಟಾರಿಗೆ ಊದುಕಡ್ಡಿ ಬೆಳಗಿದರು, ಒಂದನೇ ಲಂಗರಿನ ಮೇಲೆ ತೆಂಗಿನಕಾಯಿ ಒಡೆದರು. ಅಂತೂ ಲಂಗರು ಒಂದು ಉಪಯೋಗಕ್ಕೆ ಬಂತು ಎಂದುಕೊಂಡೆ. ಆಮೇಲೆ ನಾಲ್ಕು ನಿಂಬೆಹಣ್ಣು ಕೈಯಲ್ಲಿ ಹಿಡಿದು ನಿಂತುಬಿಟ್ಟರು.

ಚಕ್ರದ ಕೆಳಗಿಡಬೇಕು. ಚಕ್ರ ಎಲ್ಲಿದೆ?

"ಬಿಡಿ ಅತ್ಲಾಗೆ. ಪಾನಕ ಮಾಡ್ಕೊಂಡು ಕುಡಿಯೋಣ" ಎಂದಳು ಅಕ್ಕ.

"ನಿಂಬೆಹಣ್ಣು ಪುಡಿಯಾಗ್ದೆ ದೃಷ್ಟಿ ಹೋಗಲ್ಲ ಕಣೇ. ಈ ವರ್ಷ ರಿಸ್ಕ್ ತಗೊಳಕ್ಕಾಗಲ್ಲ" ಎಂದು ಭಾವ ನಾಲ್ಕನ್ನೂ ದೋಣಿಯ ಮುಂದೆ ನೀರಿಗೆ ಬಿಟ್ಟರು. ಸ್ಟ್ಯಾನ್ ಪಕ್ಕದಲ್ಲಿ ಕುಳಿತ. ಭಾವ ಕಣ್ಣು ಮುಚ್ಚಿ, "ಗಣಪತೀ" ಎಂದು ಮೋಟಾರಿನ ಕೀಲಿ ತಿರುಗಿಸಿದರು. ದೋಣಿ ಮುಂದಕ್ಕೆ ಹೋಯಿತು. ನಿಂಬೆಹಣ್ಣೂ ಮುಂದಕ್ಕೆ ಹೋದವು! ದೋಣಿ ಜೋರು ಮಾಡಿದರೆ ಅಲೆ ಎದ್ದು ಅವೂ ಜೋರು ಮಾಡಿದವು. ಎರಡು ಎಡಕ್ಕೆ, ಎರಡು ಬಲಕ್ಕೆ. ಭಾವ ಎಡದವನ್ನು ಅಟ್ಟಿಸಿಕೊಂಡು ಹೋದರೆ ಬಲದವು ಹಿಂದಿನಿಂದ ಇವರನ್ನೇ ಅಟ್ಟಿಸಿಕೊಂಡು ಬಂದವು!

ನಾಲೆಯ ಎರಡೂ ದಡದ ಹಿತ್ತಿಲುಗಳಲ್ಲಿ ಜನ ಕುರ್ಚಿ ಹಾಕಿಕೊಂಡು ಕುಳಿತರು. "ಯಾವ ಆಟ ಇದು? ರೂಲ್ಸ್ ಏನು?" ಎಂದು ಎದುರು ಮನೆಯವನು ಕೂಗಿ ಕೇಳಿದ. ಪುಟ್ಟಿ "ಐ ಡೋಂಟ್ ನೋ ದೆಮ್" ಎಂದು ಹೇಳಿ ಹೋಗಿ ಕಾರಿನಲ್ಲಿ ಕುಳಿತಳು. ದೋಣಿ ಢಬ್ ಎಂದು ಗೋಡೆಗೆ ಗುದ್ದಿತು. ಫೆಂಡರ್ ಎಲ್ಲಿ? ಅಕ್ಕನ ಹಾಲಿನಲ್ಲಿ, ಹೂವಿನ ಗವಸು ಹಾಕಿಕೊಂಡು!

ಸ್ಟ್ಯಾನ್ ಮೋಟಾರು ನಿಲ್ಲಿಸಿದ. "ಇವು ಜಜ್ಜಿಹೋಗ್ಬೇಕು, ಅಷ್ಟೇ ತಾನೆ?" ಎಂದು ಅವನ ಇಂಗ್ಲಿಷಿನಲ್ಲಿ ಕೇಳಿದ. ಅಷ್ಟೇ ಎಂದರು ಭಾವ. "ನಾಲ್ಕೂ?" ನಾಲ್ಕೂ. ಯಾಕೆ ಏನು ಎಂದು ಅವನು ಕೇಳಲಿಲ್ಲ. ದೋಣಿಯ ಹಗ್ಗವನ್ನು ದಡದ ಗೂಟಕ್ಕೆ ಸುತ್ತಿ, ಕೊಕ್ಕೆಯ ಗಳು ತೆಗೆದುಕೊಂಡು ಒಂದೊಂದೇ ನಿಂಬೆಹಣ್ಣನ್ನು ದಡದ ಗೋಡೆಗೆ ಒತ್ತಿ ಹಿಡಿದ. "ಈಗ ಹಗ್ಗ ಎಳಿ" ಎಂದ. ಭಾವ ಎಳೆದರು, ದೋಣಿಯ ಪಕ್ಕೆ ಗೋಡೆಗೆ ಒತ್ತಿತು. ಪಚಕ್! ಇನ್ನೊಂದು, ಪಚಕ್! ನಾಲ್ಕನೆಯದಕ್ಕೆ ಎರಡೂ ದಡದ ಜನ ಎದ್ದು ಚಪ್ಪಾಳೆ ತಟ್ಟಿದರು. ಇಬ್ಬರು ಎಂಜಿನಿಯರುಗಳೂ ಒಬ್ಬರ ಬೆನ್ನು ಒಬ್ಬರು ಚಪ್ಪರಿಸಿಕೊಂಡರು.

ಅಕ್ಕನೂ ನಕ್ಕಳು. ಆದರೆ ಮರೆಯಲಿಲ್ಲ. "ಆಯ್ತಲ್ಲ, ಆಸೆ ತೀರ್ತು. ಇವತ್ತೇ ಫಾರ್ ಸೇಲ್ ಬೋರ್ಡ್ ಹಾಕ್ಬಿಡೋಣ. ಹೋಗೇ, ಸ್ಟ್ಯಾನ್ ಗ್ಯಾರೇಜಲ್ಲಿ ಒಂದು ರಟ್ಟು, ಮಾರ್ಕರ್ ಇದ್ರೆ ತಗೊಂಬಾ" ಎಂದು ನನ್ನನ್ನು ಅಟ್ಟಿದಳು.

ಗ್ಯಾರೇಜಿನ ಒಳಗೆ ಹೋದವಳು ಅಲ್ಲೇ ನಿಂತೆ. ಒಂದಿಡೀ ಗೋಡೆಗೆ ಹಲಗೆ ಹೊಡೆದು, ಹಲಗೆಯ ತುಂಬ ಮೊಳೆ. ಪ್ರತಿ ಮೊಳೆಯ ಕೆಳಗೆ ಕಪ್ಪು ಮಾರ್ಕರಿನಲ್ಲಿ ಒಂದೊಂದು ಆಕಾರ ಬರೆದಿತ್ತು. ಹಗ್ಗದ ಸುರುಳಿಯ ಆಕಾರ, ಒಳಗೆ ಹಗ್ಗವಿಲ್ಲ. ಪಂಪಿನ ಆಕಾರ, ಪಂಪಿಲ್ಲ. ಹಾರನ್ನಿನ ಆಕಾರ. ಆರು ಲೈಫ್ ಜಾಕೆಟ್ಟುಗಳ ಆಕಾರ. ಲಂಗರು, ಅದರ ಪಕ್ಕದಲ್ಲಿ ಇನ್ನೊಂದು ಲಂಗರು. ಅಕ್ಕನ ಹಾಲಿನಲ್ಲಿ ರಾಶಿ ಬಿದ್ದಿದ್ದೆಲ್ಲ ಇಲ್ಲಿ ಬರೀ ಗೆರೆಯಾಗಿ ಉಳಿದಿತ್ತು. ಮೇಲಿನ ಸಾಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಫ್ರಿಜ್ಜಿನ ಮೇಲಿನ ಪಟ್ಟಿಯೂ ಇದೇ ಕ್ರಮದಲ್ಲಿತ್ತು. ಭಾವ ದೋಣಿಗೆ ಏನು ಬೇಕೆಂದು ಪಟ್ಟಿ ಮಾಡಿರಲಿಲ್ಲ. ಸ್ಟ್ಯಾನನ ಹತ್ತಿರ ಮಾರುವುದಕ್ಕೆ ಏನು ಉಳಿದಿದೆಯೋ ಅದರ ಪಟ್ಟಿ ಮಾಡಿದ್ದರು.

ಹಿಂದೆ ಭಾವ ಬಂದು ನಿಂತಿದ್ದರು. ಪಂಚೆ ಪೂರಾ ಒದ್ದೆ.

"ದುಡ್ಡು ಸುಮ್ನೆ ಕೊಟ್ರೆ ತಗೊಳಲ್ಲ ಕಣಮ್ಮ" ಎಂದರು ಮೆಲ್ಲಗೆ. "ಡಬ್ಬಿ ಕಥೆ ನೋಡ್ದೆಯಲ್ಲ. ಸಾಮಾನು ಮಾರ್ತಾನೆ, ಬಿಟ್ಟಿ ಏನೂ ತಗೊಳಲ್ಲ. ಬೇರೆ ಕೆಲ್ಸ ಸಿಗೋವರ್ಗೂ ಮನೆ ಉಳಿಸ್ಕೋಬೇಕು ಅವ್ನು. ನಾನು ದೋಣಿ ಮಾರ್ಬಿಟ್ರೆ ಎಕ್ವಿಪ್‌ಮೆಂಟ್ ಯಾಕ್ ಬೇಕು ಅಂತ ಕೇಳ್ತಾನೆ."

"ಅಕ್ಕಂಗೆ ಹೇಳ್ಬಾರ್ದಾ ಭಾವ?"

"ನನ್ ಕೆಲ್ಸಾನೂ ಹೋಗತ್ತೇನೋ ಅಂತ ಹೆದರಿರೋಳಿಗೆ ಯಾವ ಬಾಯಲ್ಲಿ ಹೇಳ್ಲಿ?"

ಅವರು ಹೊರಗೆ ಹೋದರು. ಮೂರು ತಿಂಗಳು ಈ ಮನುಷ್ಯನನ್ನು ಆಡಿಕೊಂಡು ನಕ್ಕಿದ್ದೆನಲ್ಲ, ನನಗೆ ನಾಚಿಕೆಯಾಯಿತು. ಬರಿಗೈಯಲ್ಲಿ ಆಚೆ ಬಂದೆ.

"ಅಷ್ಟು ದೊಡ್ಡ ಗ್ಯಾರೇಜಲ್ಲಿ ಒಂದು ರಟ್ಟು ಸಿಗ್ಲಿಲ್ವಾ ನಿಂಗೆ?" ಎಂದು ಗೊಣಗುತ್ತ ಅಕ್ಕ ತಾನೇ ಎದ್ದು ಹೋದಳು.

ಬಹಳ ಹೊತ್ತು ಬರಲಿಲ್ಲ. ಭಾವ ನಾಲೆಯ ನೀರನ್ನೇ ನೋಡುತ್ತ ನಿಂತಿದ್ದರು. ಸ್ಟ್ಯಾನ್ ದೋಣಿಗೆ ಮೆತ್ತಿದ್ದ ನಿಂಬೆಸಿಪ್ಪೆ ಒರೆಸುತ್ತಿದ್ದ. ಅಕ್ಕ ಬಂದಾಗ ಅವಳ ಕೈಯಲ್ಲಿ ರಟ್ಟಿರಲಿಲ್ಲ, ಸೆರಗು ಕಣ್ಣಿನ ಹತ್ತಿರ ಇತ್ತು. ನೇರ ಭಾವನ ಮುಂದೆ ಬಂದು ನಿಂತಳು.

"ರೀ, ಅಲ್ಲಿ ಕೊನೇ ಸಾಲಲ್ಲಿ ಮೀನು ಹಿಡಿಯೋ ಗಾಳ ಎರಡು ಇನ್ನೂ ಇದೆ. ಅದನ್ನ ಯಾಕ್ರೀ ಲಿಸ್ಟಲ್ಲಿ ಬರ್ಕೊಂಡಿಲ್ಲ?"

ಭಾವ ಒದ್ದೆ ಪಂಚೆಯ ತುದಿ ಹಿಂಡತೊಡಗಿದರು.

ಸ್ಟ್ಯಾನ್ ತಲೆಯೆತ್ತಿ, ನಿನ್ನ ಹೆಂಡತಿ ಏನು ಹೇಳುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಈರುಳ್ಳಿಯನ್ನೂ ವಾರ ನೋಡಿ ತಿನ್ನುವ ನಮ್ಮಕ್ಕನೇ ಅವನತ್ತ ತಿರುಗಿ, ತನ್ನ ಮೈಸೂರಿನ ಇಂಗ್ಲಿಷಿನಲ್ಲಿ, ದೋಣಿಗೆ ಗಾಳ ಬಹಳ ಎಸೆನ್ಶಿಯಲ್, ಮುಂದಿನ ಶನಿವಾರ ಒಂದು, ಅದರ ಮುಂದಿನ ಶನಿವಾರ ಇನ್ನೊಂದು ತೆಗೆದುಕೊಳ್ಳುತ್ತೇವೆ ಎಂದಳು.