ಗದಗಿನ ದನಿ, ಕಡೂರಿನ ಮೈಕು

ನಾನು ಮೈಕು ಹಿಡಿದ ಕಡೆಯೆಲ್ಲ ಏನಾದರೊಂದು ಆಗೇ ಆಗುತ್ತೆ. ಅಪರೂಪಕ್ಕೆ ಒಂದು ಕಾರ್ಯಕ್ರಮ ಸುಸೂತ್ರವಾಗಿ ಮುಗಿದರೆ ನಮ್ಮ ಹಾರ್ಮೋನಿಯಂ ಮೇಷ್ಟ್ರಿಗೆ ಸಮಾಧಾನವೇ ಇರಲ್ಲ. ಬಸ್ಸಿನಲ್ಲಿ ಕೂತು, ಏನೋ ಮರೆತು ಬಂದ ಹಾಗಿದೆಯಲ್ಲಮ್ಮ ಅಂತ ಚೀಲ ತಡಕುತ್ತಾರೆ.

ನಾನು ಗದಗಿನ ಕಡೆಯವಳು. ನಮ್ಮವ್ವ ಬೀಸುವಾಗ, ಕುಟ್ಟುವಾಗ, ಕಳೆ ತೆಗೆಯುವಾಗ ಹಾಡುತ್ತಿದ್ದಳು. ಅವಳ ಹಾಡಿನ ಧಾಟಿಗೆ ನನ್ನ ಮಾತು ಕೂಡಿಸಿ ಹೊಸ ಹಾಡು ಕಟ್ಟೋದು ನನಗೆ ಅಲ್ಲೇ ಅಂಟಿಕೊಂಡ ಚಟ. ಮದುವೆಯಾಗಿ ಅಜ್ಜಂಪುರಕ್ಕೆ ಬಂದೆ. ನನ್ನ ಗಂಡ ಇಲ್ಲಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹಾರ್ಮೋನಿಯಂ ಬಾರಿಸೋರು ಕಡೂರಿನ ಒಬ್ಬ ರಿಟೈರ್ಡ್ ಮೇಷ್ಟ್ರು. ಢೋಲಕ್‌ಗೆ ತರೀಕೆರೆಯ ಭಾಯ್. ಅವರಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ. ಹೊಲಿಗೆ ಮೆಷಿನ್ ತುಳಿಯುವಾಗಲೂ ತಾಳ ತಪ್ಪದ ಮನುಷ್ಯ. ಮೂರು ಊರಿನ ಮೂರು ಜನ ಸೇರಿ ಒಂದು ತಂಡ. ನಮಗೆ ಆಗಿದ್ದನ್ನೆಲ್ಲ ಹೇಳೋಕಾಗಲ್ಲ. ಒಂದಿಷ್ಟು ಹೇಳ್ತೀನಿ.

ಪುಟಾಣಿ ಉಂಡಿ

ಇಲ್ಲಿಗೆ ಬಂದ ಹೊಸದರಲ್ಲಿ ಕಡೂರಿನ ಹತ್ತಿರದ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಹಾಡೋಕೆ ಕರೆದರು. ಮಕ್ಕಳು ಚೆನ್ನಾಗಿ ತಿನ್ನಬೇಕು, ಗಟ್ಟಿಮುಟ್ಟಾಗಬೇಕು, ಅಂಥದ್ದೊಂದು ಹಾಡು ಹೇಳಿ ಅಂದರು. ಅದಕ್ಕೇನು, ನಾನು ಉಂಡೆ ಕಟ್ಟೋ ಹಾಡೊಂದನ್ನ ರಾತ್ರಿ ಅಡುಗೆ ಮಾಡುತ್ತಲೇ ಜೋಡಿಸಿಬಿಟ್ಟೆ. ನಮ್ಮ ಕಡೆ ಹುರಿಗಡಲೆಗೆ ಪುಟಾಣಿ ಅಂತಾರೆ. ಅಂಗಡಿಯಲ್ಲಿ ಹೋಗಿ ಪಾವು ಕಿಲೋ ಪುಟಾಣಿ ಕೊಡ್ರಿ ಅಂದರೆ ಕಟ್ಟಿ ಕೊಡ್ತಾರೆ. ಇಲ್ಲಿ ಪುಟಾಣಿ ಅಂದರೆ ಚಿಕ್ಕ ಮಕ್ಕಳು ಅಂತ ನನಗೆ ಯಾರೂ ಹೇಳಿರಲಿಲ್ಲ.

ಟೀಚರಮ್ಮ ಎದ್ದು ನಿಂತು, "ಪುಟಾಣಿಗಳಾ, ಎಲ್ಲರೂ ಕೈ ಕಟ್ಟಿ ಕೂತ್ಕೊಳ್ಳಿ, ಈಗ ಅಕ್ಕ ಹಾಡ್ತಾರೆ" ಅಂದರು. ಅವರು ಹಾಗಂದಾಗಲೂ ನನಗೆ ಹೊಳೆಯಲಿಲ್ಲ. ಇಲ್ಲಿ ಪ್ರೀತಿಗೆ ಮಕ್ಕಳನ್ನ ಕಡಲೆ ಅಂತಾರೇನೋ ಅಂದುಕೊಂಡೆ. ಕಣ್ಣು ಮುಚ್ಚಿ ಶುರು ಮಾಡಿದೆ:

ಪುಟಾಣಿ ಹುರಿಯೋಣ, ಒರಳಾಗ ಕುಟ್ಟೋಣ,
ಬೆಲ್ಲದ ಪಾಕದಾಗ ಉಂಡೀಯ ಕಟ್ಟೋಣ.

ಎರಡನೇ ಸಾಲಿಗೆ ಬರೋ ಹೊತ್ತಿಗೆ ಮುಂದಿನ ಸಾಲಿನಲ್ಲಿ ಸಣ್ಣಗೆ ಅಳು ಕೇಳಿಸಿತು. ನನ್ನ ದನಿಗೆ ಕರಗಿದರು ಅಂತ ಇನ್ನೂ ಎತ್ತರಕ್ಕೆ ಹೋದೆ. ಕಣ್ಣು ಬಿಟ್ಟರೆ ಅರ್ಧ ಅಂಗನವಾಡಿ ಟೀಚರಮ್ಮನ ಸೆರಗಿನ ಹಿಂದಿದೆ, ಇನ್ನರ್ಧ ಬಾಗಿಲ ಕಡೆ ಓಡ್ತಿದೆ. ಟೀಚರಮ್ಮ ನನ್ನನ್ನ ನೋಡಿದ ರೀತಿಗೆ ನನಗೇ ಹೆದರಿಕೆ ಆಯಿತು. ಆಮೇಲೆ ಮೇಷ್ಟ್ರು ಎದ್ದು, ಪುಟಾಣಿ ಅಂದರೆ ಹುರಿಗಡಲೆ ಕಣ್ರಪ್ಪಾ ಅಂತ ಒಂದೊಂದು ಮಗುವಿಗೂ ಬಿಡಿಸಿ ಹೇಳಿ, ಕೈಗೊಂದಿಷ್ಟು ಹುರಿಗಡಲೆ ಹಾಕಿ ಸಮಾಧಾನ ಮಾಡಬೇಕಾಯಿತು.

ಎಲ್ಲ ತಣ್ಣಗಾಗಿ ನಾವು ಹೊರಡುವಾಗ ಒಂದು ಹುಡುಗಿ, ಅಷ್ಟು ಹೊತ್ತೂ ಅಳದೆ ಗಮನವಿಟ್ಟು ಕೇಳಿದವಳು, ತನ್ನ ತಮ್ಮನ ಕೈ ಹಿಡಿದು ಎಳೆದುಕೊಂಡು ನನ್ನ ಹತ್ತಿರ ಬಂದಳು.

"ಅಕ್ಕಾ, ಉಂಡೆಗೆ ಇವನು ಆಯ್ತಾನಾ?"

ಏಳು ಗುಡ್ಡದ ಆಚೆ

ಕಡೂರಿನ ಒಂದು ಛತ್ರದಲ್ಲಿ ಮದುವೆ. ಹೆಣ್ಣಿನ ತಂದೆ ತೆಂಗಿನಕಾಯಿ ವ್ಯಾಪಾರದವರು, ಬಹಳ ಆಸೆಯಿಂದ ನಮ್ಮನ್ನ ಕರೆಸಿದ್ದರು. ಅವರದು ಒಂದೇ ಕೋರಿಕೆ: ಹೆಣ್ಣು ಒಪ್ಪಿಸುವ ಹಾಡಿಗೆ ಛತ್ರದಲ್ಲಿ ಒಂದು ಕಣ್ಣೂ ಒಣಗಿರಬಾರದು. ನನಗೆ ಅದು ಕಷ್ಟವಲ್ಲ. ನಾನೂ ತವರು ಬಿಟ್ಟು ದೂರ ಬಂದವಳೇ.

ಏಳು ಗುಡ್ಡದ ಆಚೆ ಹೊಂಟಾಳ ನನ ಮಗಳು,
ಕೂಗಿದರ ಕೇಳಿಸದು, ಕಣ್ಣೀಗೆ ಕಾಣಿಸದು.

ಮೊದಲು ಹೆಣ್ಣಿನ ತಾಯಿ ಕೂತಲ್ಲೇ ಕುಸಿದರು. ಆಮೇಲೆ ಅತ್ತೆಯರು, ಚಿಕ್ಕಮ್ಮಂದಿರು. ಬಡಿಸಲು ನಿಂತಿದ್ದ ಅಡುಗೆಯವರು ಸೌಟು ಕೆಳಗಿಟ್ಟು ಕಣ್ಣೊರೆಸಿಕೊಂಡರು. ಗಂಡಿನ ಕಡೆಯವರೂ ಅತ್ತರು. ಗಂಡಿನ ತಾಯಿಯಂತೂ ಬೀಗಿತ್ತಿಯನ್ನ ತಬ್ಬಿಕೊಂಡು ಬಿಡಲೇ ಇಲ್ಲ. ಭಾಯ್ ಢೋಲಕ್ ಬಾರಿಸುತ್ತಲೇ ಭುಜಕ್ಕೆ ಕಣ್ಣು ಉಜ್ಜಿಕೊಂಡರು. ಅಳದೆ ನಿಂತಿದ್ದವಳು ಮದುವಣಗಿತ್ತಿ ಒಬ್ಬಳೇ. ಅವಳು ಪಾಪ ಯಾರನ್ನ ಸಮಾಧಾನ ಮಾಡಬೇಕು ಅಂತ ತಿಳಿಯದೆ ಆ ಕಡೆ ಈ ಕಡೆ ನೋಡುತ್ತಿದ್ದಳು.

ನನಗೆ ಅನುಮಾನ ಬಂತು. ಊಟದ ಪಂಕ್ತಿಯಲ್ಲಿ ಪಕ್ಕದ ಹೆಂಗಸನ್ನ ಕೇಳಿದೆ, ಹುಡುಗಿನ್ನ ಯಾವ ಊರಿಗೆ ಕೊಟ್ಟಾರ್ರಿ ಅಂತ. ಅವರು ಇನ್ನೂ ಮೂಗು ಒರೆಸಿಕೊಳ್ಳುತ್ತಲೇ, ಎದುರು ಮನೆ ಕಣಮ್ಮ ಅಂದರು. ಎದುರು ಮನೆ ಅಂದರೆ ಎದುರು ಮನೆಯೇ. ನಡುವೆ ಒಂದು ಸಣ್ಣ ರಸ್ತೆ, ಆ ರಸ್ತೆಗೆ ಎರಡೂ ಮನೆಯವರು ಸೇರಿ ರಂಗೋಲಿ ಹಾಕುತ್ತಾರಂತೆ.

ಹೊರಡೋ ಹೊತ್ತಿಗೆ ತಾಯಿ ಮಗಳ ಕೆನ್ನೆ ಹಿಡಿದು ಬಿಕ್ಕುತ್ತಿದ್ದರು. ಕೊನೆಗೆ ಮಗಳೇ ಬಾಯಿ ಬಿಟ್ಟಳು. "ಅಮ್ಮ, ಮನೆ ಬೀಗದಕೈ ನನ್ನ ಹತ್ರನೇ ಐತೆ. ಅಳೋದ್ ಮುಗುದ್ರೆ ನಿಮ್ಮನ್ನ ಒಳಗೆ ಬಿಟ್ಟು ಹೋಯ್ತೀನಿ."

ತಪ್ಪದೆ ಕೇಳುವ ಅಭಿಮಾನಿ

ಅಜ್ಜಂಪುರದ ನಮ್ಮ ಮನೆಗೆ ಬೆಳಿಗ್ಗೆ ಯಾರಾದರೂ ಬಂದರೆ ನನ್ನ ಗಂಡನನ್ನ ಹುಡುಕಿಕೊಂಡು ಬಂದಿರುತ್ತಾರೆ. ಹಸು ಮೇವು ಬಿಟ್ಟಿದೆ, ಎಮ್ಮೆ ಕುಂಟುತ್ತಿದೆ, ಇಂಥವೇ. ಒಂದು ದಿನ ಒಬ್ಬ ಹೆಂಗಸು ಬಂದು, ಅವರು ಬೇಡ, ನಿಮ್ಮನ್ನೇ ನೋಡಬೇಕು ಅಂದರು. ಅವರ ಹಸು ಹಾಲು ಕರೆಯೋಕೆ ಬಿಡುತ್ತಿರಲಿಲ್ಲವಂತೆ. ಯಾರೋ ಮೊಬೈಲಿನಲ್ಲಿ ನನ್ನ ಹಾಡು ಹಾಕಿದ್ದೇ ತಡ, ಅದು ಮೆಲುಕು ಹಾಕುತ್ತ ನಿಂತುಬಿಟ್ಟಿತಂತೆ. ಅಂದಿನಿಂದ ಬೆಳಿಗ್ಗೆ ಸಂಜೆ ನನ್ನ ಹಾಡು ಹಾಕಿದರೇನೇ ಹಾಲು. ಬೇರೆಯವರ ಹಾಡು ಹಾಕಿ ನೋಡಿದರೆ ಬಾಲದಲ್ಲಿ ಬಾರಿಸುತ್ತದಂತೆ.

ನನಗೆ ಮನಸ್ಸು ತುಂಬಿ ಬಂತು. ಇವರಿಗೆ ಕಾಫಿ ಕೊಡ್ತೀನಿ ಅಂತ ಒಳಗೆ ಹೊರಟೆ. ಅವರು ತಡೆದು, ನಾನು ಹೊಗಳೋಕೆ ಬಂದಿಲ್ಲ ಕಣಮ್ಮ, ದೂರು ಹೇಳೋಕೆ ಬಂದಿದೀನಿ ಅಂದರು. ಈಚೆಗೆ ಮೊಬೈಲಿನಲ್ಲಿ ನನ್ನ ಹಾಡಿನ ನಡುವೆ ಯಾವುದೋ ಸಿಮೆಂಟಿನ ಜಾಹೀರಾತು ನುಗ್ಗುತ್ತಿದೆ. ಗಂಡಸಿನ ದಪ್ಪ ದನಿ ಕೇಳಿದ ಕೂಡಲೆ ಹಸು ಬೆಚ್ಚಿ ಒದೆಯುತ್ತದೆ, ಪಾತ್ರೆ ಚರಂಡಿ ಸೇರುತ್ತದೆ. ಅದು ನನ್ನ ಕೈಯಲ್ಲಿಲ್ಲ ಅಂತ ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಕೊನೆಗೆ ಜಾಹೀರಾತಿಲ್ಲದ ಹಾಡು ಅವರ ಮೊಬೈಲಿಗೆ ಹಾಕಿಕೊಟ್ಟೆ. ಮಾರನೇ ದಿನ ಒಂದು ಚೊಂಬು ಗಟ್ಟಿ ಹಾಲು ಬಂತು. ನನ್ನ ಗಂಡ ಕಾಫಿ ಕುಡಿಯುತ್ತ, ಔಷಧಿಗಿಂತ ನಿನ್ನ ಹಾಡೇ ವಾಸಿ ಅಂದರು. ಹೊಗಳಿದರಲ್ಲ ಅಂತ ನಾನು ನಗುವಷ್ಟರಲ್ಲಿ ಅವರು ಮಾತು ಮುಗಿಸಿದರು: "ಆದರೆ ದನಗಳಿಗೆ ಮಾತ್ರ."

ನಿನ್ನೆ ಯಾಕೆ ಬರಲಿಲ್ಲ

ನಾನು ಕಟ್ಟಿದ ಹಾಡುಗಳಲ್ಲಿ ಎಲ್ಲಕ್ಕಿಂತ ಹೆಸರು ಮಾಡಿದ್ದು ಯಾವುದು ಅಂತ ಕೇಳಿದರೆ ಹೇಳೋಕೆ ಸ್ವಲ್ಪ ನಾಚಿಕೆ. ಅದು ತರೀಕೆರೆಯಲ್ಲಿ ಕಸದ ಗಾಡಿಗೆ ಹಾಡಿಕೊಟ್ಟ ಹಾಡು. ಹಸಿ ಕಸ ಬ್ಯಾರೆ ಇಡ್ರಿ, ಒಣ ಕಸ ಬ್ಯಾರೆ ಇಡ್ರಿ, ಬಂತವ್ವ ಗಾಡಿ ಬಾಗಿಲಿಗೆ. ದಿನಾ ಬೆಳಿಗ್ಗೆ ನನ್ನ ದನಿ ಬೀದಿಬೀದಿ ಸುತ್ತುತ್ತೆ. ಜನ ಓಡೋಡಿ ಹೊರಗೆ ಬರ್ತಾರೆ. ಎಷ್ಟು ಜನ ದೊಡ್ಡ ಕಲಾವಿದರಿಗೆ ಇಂಥ ಭಾಗ್ಯ ಉಂಟು ಅಂತ ಭಾಯ್ ಹೇಳುತ್ತಿರುತ್ತಾರೆ.

ಅದೇ ಊರಿನಲ್ಲಿ ಒಂದು ನಾಮಕರಣಕ್ಕೆ ಕರೆದರು. ತೊಟ್ಟಿಲ ಹಾಡೊಂದನ್ನ ಹೊಸದಾಗಿ ಕಟ್ಟಿದ್ದೆ. ಮಾತು ಹೊಸದು, ಮಟ್ಟು ಮಾತ್ರ ಹಳೆಯದೇ ಬಂದು ಕೂತಿತ್ತು. ಒಳ್ಳೆ ಮಟ್ಟು, ಒಂದೇ ಕಡೆ ಯಾಕೆ ಸವೆಯಬೇಕು ಅಂತ ನಾನೂ ಬಿಟ್ಟಿದ್ದೆ. ಮಗುವನ್ನ ತೊಟ್ಟಿಲಿಗೆ ಹಾಕಿದರು. ಮೇಷ್ಟ್ರು ಹಾರ್ಮೋನಿಯಂ ಎತ್ತಿಕೊಂಡರು, ನಾನು ಆಲಾಪ ತೆಗೆದೆ. ಅಷ್ಟೇ. ಒಳಗಿಂದ ಮಗುವಿನ ಮುತ್ತಜ್ಜಿ, ಬೆಳಗಿನಿಂದ ಕಾಲು ನೋವು ಅಂತ ಮಂಚ ಬಿಟ್ಟು ಇಳಿಯದವರು, ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ಸರಸರ ಬಂದೇಬಿಟ್ಟರು. ಹಸಿರು ಬಕೆಟ್ಟು, ನೀಲಿ ಬಕೆಟ್ಟು, ಎರಡೂ ನನ್ನ ಮುಂದೆ. ಅವರ ಹಿಂದೆಯೇ ಪಕ್ಕದ ಮನೆಯ ಬಾಗಿಲು ತೆರೆಯಿತು. ಅಲ್ಲಿಂದಲೂ ಒಬ್ಬರು ಬಕೆಟ್ ಹಿಡಿದು ಬೀದಿಗೆ ಇಳಿದು ಗಾಡಿ ಎಲ್ಲಿ ಅಂತ ಹುಡುಕುತ್ತಿದ್ದರು.

ಮನೆಯವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನುವಂತಾಯಿತು. ಮಗುವಿನ ತಾಯಿ ಅಜ್ಜಿಯ ಕಿವಿಯಲ್ಲಿ, ಇವರು ಗಾಡಿಯವರಲ್ಲ, ಹಾಡೋ ಅಮ್ಮ, ನಾವೇ ಕರೆಸಿರೋದು ಅಂತ ಹೇಳಿದಳು. ಅಜ್ಜಿ ನನ್ನನ್ನ ಮೇಲಿಂದ ಕೆಳಗೆ ನೋಡಿದರು. ಮುಖ ಅರಳಿತು.

"ಓ, ನೀನೇನವ್ವ ದಿನಾ ಹಾಡೋಳು? ನಿನ್ನೆ ಯಾಕ್ ಬರ್ಲಿಲ್ಲ?"

ಇನ್ನೊಬ್ಬ ಗಾಯಕಿ

ನಾವು ಮೂವರೂ ದೆಹಲಿಗೆ ಹೋಗಿ ಹಾಡಿ ಬಂದವರು. ಹೇಗೆ ಹೋದೆವು ಅನ್ನೋದನ್ನ ಮಾತ್ರ ಇಲ್ಲಿಯವರೆಗೆ ಯಾರೂ ಪೂರ್ತಿ ನಂಬಿಲ್ಲ.

ಅಲ್ಲಿನ ಒಂದು ದೊಡ್ಡ ಜಾನಪದ ಮೇಳಕ್ಕೆ ತಂಡಗಳನ್ನ ಆರಿಸೋಕೆ ಬೆಂಗಳೂರಿಂದ ಒಬ್ಬ ಹಿರಿಯರು ಬರ್ತಾರೆ ಅಂತ ಸುದ್ದಿ ಬಂತು. ಕಡೂರಿನಲ್ಲಿ ಒಂದು ಸಂಜೆ, ಒಂದು ತಂಡಕ್ಕೆ ಒಂದೇ ಹಾಡು. ಮೇಷ್ಟ್ರಿಗೆ ಆಗಲೇ ವಯಸ್ಸಾಗಿತ್ತು. ಇದು ಬಿಟ್ಟರೆ ನನಗೆ ಇನ್ನೊಂದು ಅವಕಾಶ ಇಲ್ಲಮ್ಮ ಅಂತ ಅವರು ಒಂದು ಸಲ ಹೇಳಿದ್ದು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು. ನನ್ನ ಹಾಡುಗಳಲ್ಲೇ ನನಗೆ ಇಷ್ಟವಾದದ್ದನ್ನ ಆರಿಸಿದೆ. ಹೊಸ್ತಿಲಲ್ಲಿ ನಿಂತು ಗಂಡನ ದಾರಿ ಕಾಯೋ ಹೆಣ್ಣಿನ ಹಾಡು. ಸಾಲು ಸಾಲಿಗೂ ಒಂದೊಂದು ಪ್ರಶ್ನೆ, ಪ್ರಶ್ನೆಯಾದ ಮೇಲೆ ಒಂದು ಗಳಿಗೆ ಮೌನ. ಆ ಮೌನದಲ್ಲೇ ಹಾಡಿನ ಜೀವ ಇರೋದು.

ವೇದಿಕೆ ಹಾಕಿದ್ದು ರೈಲ್ವೆ ಸ್ಟೇಷನ್ನಿನ ಬೆನ್ನಿಗಿದ್ದ ಮೈದಾನದಲ್ಲಿ. ನಡುವೆ ಒಂದು ಗೋಡೆ, ನಾಲ್ಕು ಮರ. ಹಿರಿಯರು ಕಾರಿನಲ್ಲಿ ಬಂದು ಇಳಿದು ನೇರ ಕುರ್ಚಿಗೆ ಕೂತರು. ವೇದಿಕೆಯ ಪರದೆಯ ಹಿಂದೆ ಸ್ಟೇಷನ್ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ. ನಮ್ಮ ಸರದಿ ಬಂತು. ನಾನು ಮನಸ್ಸಿನಲ್ಲೇ ಅವ್ವನನ್ನ ನೆನೆದು ಎತ್ತಿಕೊಂಡೆ:

ಹೊತ್ತು ಮುಳುಗಿತ್ತವ್ವ, ದೀಪ ಹಚ್ಚಿಟ್ಟೇನವ್ವ,
ಎಂದಿಗೆ ಬಂದಾನು ನನ ರಾಯ?

ಮೌನ. ಆ ಮೌನದೊಳಗೆ, ಟಿಂಗ್ ಟಾಂಗ್. ಹಿಂದಿನಿಂದ ಒಂದು ಹೆಣ್ಣು ದನಿ, ಬಹಳ ವಿನಯದಿಂದ: "ಕೆಲವೇ ನಿಮಿಷಗಳಲ್ಲಿ ಪ್ಲಾಟ್‌ಫಾರಂ ಸಂಖ್ಯೆ ಎರಡಕ್ಕೆ ಆಗಮಿಸಲಿದೆ."

ಜನ ಕಿಸಕ್ಕನೆ ನಕ್ಕರು. ಕೇಳಿಸಲೇ ಇಲ್ಲ ಅನ್ನೋ ಹಾಗೆ ಮುಂದಿನ ಸಾಲಿಗೆ ಹೋದೆ:

ನನ ಬಾಗಿಲಿಗೆ ಬರತಾನೊ,
ನೆರೆಮನಿಗೆ ಹೊರಳ್ಯಾನೊ?

ಟಿಂಗ್ ಟಾಂಗ್. "ದಯವಿಟ್ಟು ಗಮನಿಸಿ. ಪ್ಲಾಟ್‌ಫಾರಂ ಸಂಖ್ಯೆ ಎರಡರ ಬದಲಿಗೆ ಮೂರಕ್ಕೆ ಆಗಮಿಸಲಿದೆ."

ಈ ಸಲ ಮೈದಾನಕ್ಕೆ ಮೈದಾನವೇ ಬಿದ್ದು ಬಿದ್ದು ನಕ್ಕಿತು. ಒಬ್ಬರು ಕುರ್ಚಿ ಸಮೇತ ಹಿಂದಕ್ಕೆ ವಾಲಿದರು. ಆ ಗದ್ದಲದಲ್ಲಿ ರೈಲು ಬಂದು ನಿಂತದ್ದೂ ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ಮೇಲೆ ಬಗ್ಗಿಬಿಟ್ಟಿದ್ದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಹಾಡು ನಿಲ್ಲಿಸಿ ಇಳಿದುಬಿಡೋಣ ಅನ್ನಿಸಿತು. ಆದರೆ ಭಾಯ್ ಬಾರಿಸೋದು ಬಿಡಲಿಲ್ಲ. ನನ್ನ ಕಡೆ ನೋಡಿ, ನಡೀಲಿ ಅಕ್ಕ ಅಂತ ತಲೆ ಆಡಿಸಿದರು. ಆಗ ನನಗೂ ಏನೋ ಹುರುಪು ಬಂತು. ಸೆರಗು ಸೊಂಟಕ್ಕೆ ಸಿಗಿಸಿ, ಜನರಿಗೆ ಬೆನ್ನು ಮಾಡಿ, ಆ ದನಿ ಬಂದ ಕಡೆಗೇ ತಿರುಗಿ ಹಾಡಿದೆ:

ಎಲ್ಲ ಬಲ್ಲವಳೆ ಗೆಳತಿ, ಒಂದೇ ಮಾತ ಹೇಳ,
ಬಂದವ ನನ ಜೋಡಿ ನಿಂತಾನೇನ?

ಎಲ್ಲರೂ ಗೋಡೆಯ ಕಡೆ ಕಿವಿ ಕೊಟ್ಟು ಕಾದರು. ನಾನೂ ಕಾದೆ. ಟಿಂಗ್ ಟಾಂಗ್.

"ಪ್ಲಾಟ್‌ಫಾರಂ ಸಂಖ್ಯೆ ಮೂರರಿಂದ ಹೊರಡಲು ಸಿದ್ಧವಾಗಿದೆ. ನಿಮ್ಮ ಪ್ರಯಾಣ ಸುಖಕರವಾಗಿರಲಿ."

ಅಂಥ ಚಪ್ಪಾಳೆ ನಾನು ಮುಂಚೆ ಕಂಡಿರಲಿಲ್ಲ. ಅಷ್ಟರಲ್ಲಿ ರೈಲೂ ಸಿಳ್ಳೆ ಹಾಕಿ ಹೊರಟಿತು. ಭಾಯ್ ಅದರ ಗಾಲಿಯ ಸದ್ದಿಗೆ ಸರಿಯಾಗಿ ಢೋಲಕ್ ಕೂಡಿಸಿ, ರೈಲು ದೂರ ಹೋದ ಹಾಗೆ ತಾಳ ಸಣ್ಣದು ಮಾಡುತ್ತ ಹಾಡು ಮುಗಿಸಿದರು.

ಎಲ್ಲ ಮುಗಿದ ಮೇಲೆ ಹಿರಿಯರು ನಮ್ಮನ್ನ ಕರೆದರು. ಮೇಷ್ಟ್ರು ಕೈ ಮುಗಿದರು. ಅವರು ಮೇಷ್ಟ್ರ ಕೈ ಹಿಡಿದುಕೊಂಡು, ಪ್ರಶ್ನೋತ್ತರದ ಹಾಡನ್ನ ಇಷ್ಟು ಹೊಸ ರೀತಿಯಲ್ಲಿ ಕಟ್ಟಿದ್ದು ತಾವು ಎಲ್ಲೂ ಕೇಳಿಲ್ಲ ಅಂದರು. ನಿಮ್ಮ ತಂಡ ದೆಹಲಿಗೆ ಬರಬೇಕು ಅಂದರು. ನನ್ನ ಕಣ್ಣು ಮಂಜಾಯಿತು. ಅಷ್ಟರಲ್ಲಿ ಅವರು ಪರದೆಯ ಕಡೆ ಬೆರಳು ತೋರಿಸಿ, "ಆದರೆ ಒಂದು ಮಾತು. ಹಿಂದೆ ನಿಂತು ಉತ್ತರ ಹೇಳ್ತಿದ್ದರಲ್ಲ, ಆ ಹೆಣ್ಣುಮಗಳನ್ನ ಬಿಟ್ಟು ಬರಬೇಡಿ. ಎಂಥ ಸ್ಪಷ್ಟ ಉಚ್ಚಾರಣೆ" ಅಂದರು.

ನಾನು ಮೇಷ್ಟ್ರ ಮುಖ ನೋಡಿದೆ, ಮೇಷ್ಟ್ರು ನೆಲ ನೋಡಿದರು. ಭಾಯ್ ಮಾತ್ರ ಢೋಲಕ್‌ಗೆ ಬಟ್ಟೆ ಸುತ್ತುತ್ತ ನಿಧಾನವಾಗಿ ಹೇಳಿದರು:

"ಕರ್ಕೊಂಡು ಬರ್ಬೋದು ಸಾರ್. ಆದ್ರೆ ಆಯಮ್ಮ ಏನ್ ಹೇಳಿದ್ರೂ ಹಿಂದಿ, ಇಂಗ್ಲಿಷ್‌ನಲ್ಲೂ ಇನ್ನೊಂದೊಂದ್ಸಲ ಹೇಳ್ದೆ ಬಿಡಲ್ಲ."